ಕಾಮಾಕ್ಷಿಯಮ್ಮಾಳ್ ಒಪ್ಪದ ಪದ

ಅಧ್ಯಕ್ಷ ಪೀಠದಲ್ಲಿರುವ ಮುತ್ತುಕುಮಾರ್ ಅವರೇ, ವೇದಿಕೆಯ ಹಿರಿಯರೇ, ನಾಟಿಯ ಗಡಿಬಿಡಿಯಲ್ಲೂ ಬಂದು ಕುಳಿತಿರುವ ಸಭಿಕರೇ,

ನಮ್ಮ ಉತ್ತಮಪಾಳಯಂ ಕಾಲುವೆ ರೈತರ ಸಂಘದಲ್ಲಿ ಇಪ್ಪತ್ತೊಂಬತ್ತು ವರ್ಷ ದೂರು ಬರೆದುಕೊಂಡ ಕಾಮಾಕ್ಷಿಯಮ್ಮಾಳ್ ಇವತ್ತು ನಿವೃತ್ತರಾಗುತ್ತಿದ್ದಾರೆ. ಅಷ್ಟೂ ವರ್ಷ ಅವರ ಎದುರಿನ ಮೇಜಿನಲ್ಲಿ ಕಾರ್ಯದರ್ಶಿಯಾಗಿ ಕುಳಿತವನು ನಾನು. ಎರಡು ಮಾತಾಡಿ ಎಂದಿದ್ದಾರೆ. ಎರಡರಲ್ಲಿ ಮುಗಿಸಿದ ಕಾರ್ಯದರ್ಶಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಹೋದ ವರ್ಷ, ತೊಂಬತ್ತೆಂಟರಲ್ಲಿ, ಸಂಘಕ್ಕೆ ಕಂಪ್ಯೂಟರ್ ಬಂತು. ತೇನಿಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿರುವ ಎಳಿಲ್ ಅವರು ದೂರುಗಳಿಗಾಗಿ ಒಂದು ಪ್ರೋಗ್ರಾಂ ಬರೆದುಕೊಟ್ಟರು. ಕೊನೆಯ ಹೊಲಕ್ಕೆ ನೀರು ಬರುತ್ತಿಲ್ಲ ಎಂಬುದು ದೊಡ್ಡ ದೂರು. ಅದರ ಕೆಳಗೆ ಸಣ್ಣ ಕೆಲಸಗಳು: ಹೂಳು ತೆಗೆಯಬೇಕು, ತುಕ್ಕು ಹಿಡಿದ ತೂಬಿನ ಬಾಗಿಲು ಬಿಚ್ಚಬೇಕು. ಸಣ್ಣವೆಲ್ಲ ಮುಗಿದರೆ ಮಾತ್ರ ದೊಡ್ಡದು ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಇವುಗಳಿಗೆ ಹೆತ್ತವರು, ಮಗು ಎಂದೇ ಹೆಸರಂತೆ. ಅದನ್ನು ತಾಯಿ, ಮಗು ಎಂದು ನಮ್ಮ ಭಾಷೆಗೆ ಇಳಿಸಿದವನು ನಾನು. ಎಷ್ಟು ಹೆಮ್ಮೆಪಟ್ಟೆ ಗೊತ್ತೇ?

ಎಂಟನೆಯ ದಿನ ಪರದೆಯ ಮೇಲೆ ಬಂತು: "ಮಗು ಮುಗಿಯಿತು. ತಾಯಿಯನ್ನು ಮುಗಿಸಲೇ?"

ನೀವು ನಗುತ್ತಿದ್ದೀರಿ. ನಾನೂ ನಕ್ಕೆ. ಕಾಮಾಕ್ಷಿಯಮ್ಮಾಳ್ ಕುರ್ಚಿಯಿಂದ ಎದ್ದುಬಿಟ್ಟರು.

"ಅಣ್ಣಾ, ಇದ ನಾ ಒತ್ತಲ್ಲ. ನಂಗೆ ಹಳೇ ನೋಟ್‌ಬುಕ್ಕೇ ಸಾಕು."

ನಾನು ಬಿಟ್ಟೆನೇ? ಮೆಮೊ ಕೊಟ್ಟೆ. ಉತ್ತರ ಬರಲಿಲ್ಲ. ಹತ್ತು ದಿನ ಕಾದು ಕೆಲಸದಿಂದ ತೆಗೆಯುವ ಕಾಗದವನ್ನೂ ಟೈಪ್ ಮಾಡಿಸಿದೆ. ಸಹಿ ಹಾಕುವ ಹೊತ್ತಿಗೆ ನಮ್ಮ ನೀರುಗಂಟಿ ಮಾಯಾಂಡಿ ಒಳಗೆ ಬಂದರು.

"ಪೆರಿಯಣ್ಣಾ, ಆ ಕೂಸು ಮುತ್ತುಲಕ್ಷ್ಮಿ ನೆಪ್ಪಿಲ್ವಾ? ಜರ ಬಂದು ತೀರೋಯ್ತಲ್ಲ, ಕಾಮಾಕ್ಷಿ ಮಗ್ಳು. ಅವತ್ತು ನಿಮ್ಮತ್ರ ಲೀವು ಕೇಳಿದ್ಳು."

ನನಗೆ ನೆನಪಿರಲಿಲ್ಲ. ಸಭಿಕರೇ, ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಬೀರು ತೆಗೆದು ಹಳೆಯ ಫೈಲು ಹುಡುಕಿದೆ. ಇಪ್ಪತ್ತೆರಡು ವರ್ಷದ ಹಿಂದಿನ ಅರ್ಜಿ ಸಿಕ್ಕಿತು. ಮಗುವಿಗೆ ಜ್ವರ ಹೆಚ್ಚಾಗಿದೆ, ಮಧ್ಯಾಹ್ನ ಚಿನ್ನಮನೂರಿನ ಮನೆಗೆ ಹೋಗಲು ಅನುಮತಿ ಬೇಕು ಎಂದಿತ್ತು. ಕೆಳಗೆ ಕೆಂಪು ಶಾಯಿಯಲ್ಲಿ: "ಇಂದು ನೀರು ಬಿಡುವ ದಿನ. ಆಗದು." ಅದು ಯಾರ ಕೈಬರಹ? ನನ್ನದೇ.

ಟೈಪಾಗಿದ್ದ ಕಾಗದ ಹರಿದು ಹಾಕಿದೆ. ಅರ್ಜಿ ಕೈಯಲ್ಲಿ ಹಿಡಿದೇ ಅವರ ಮೇಜಿಗೆ ಹೋದೆ. ಪದ ಬದಲಾಯಿಸೋಣಮ್ಮಾ, ಏನಿಡಲಿ ಎಂದು ಕೇಳಿದೆ.

"ಕಾಲುವೆ ಸಂಗತಿಗೆ ಕಾಲುವೆ ಪೇರೇ ಇಡಿ ಅಣ್ಣಾ. ದೊಡ್ಡದ ಕಾಲುವೆ ಅನ್ನಿ, ಅದ್ರ ಕೆಳಗಿಂದ್ನ ಕವಲು ಅನ್ನಿ. ಮಾಯಾಂಡಿಗೂ ತಿಳೀತದೆ."

ಎಳಿಲ್ ಒಂದೇ ಮಧ್ಯಾಹ್ನದಲ್ಲಿ ಬದಲಾಯಿಸಿದರು. ಈಗ ಮಾಯಾಂಡಿ ಬೆಳಿಗ್ಗೆ ಬಂದು, "ಎಷ್ಟು ಕವಲು ಬಾಕಿ?" ಎಂದು ಕೇಳಿಯೇ ಹೊಲದ ಕಡೆ ಹೋಗುತ್ತಾರೆ. ಪ್ರೋಗ್ರಾಂ ಬಗ್ಗೆ ನಾನು ಬರೆದ ಇಪ್ಪತ್ತು ಪುಟದ ಸುತ್ತೋಲೆಯನ್ನು ಯಾರೂ ಓದಲಿಲ್ಲ; ಅವರ ಎರಡು ಪದ ಎಲ್ಲರ ಬಾಯಲ್ಲಿದೆ.

ಅವತ್ತು ನಾನು ಕ್ಷಮೆಯನ್ನೂ ಕೇಳಿದೆ. ಕಾಮಾಕ್ಷಿಯಮ್ಮಾಳ್ ಅರ್ಜಿಯನ್ನು ಮಡಚಿ ನನ್ನ ಕೈಗೇ ಕೊಟ್ಟರು.

"ಬಿಡಿ ಅಣ್ಣಾ. ನೀವು ಲೀವು ಕೊಟ್ಟಿದ್ರೂ ಅವತ್ತು ಚಿನ್ನಮನೂರಿಗೆ ಬಸ್ಸಿರ್ಲಿಲ್ಲ."

ಚಿನ್ನಮನೂರಿಗೆ ಆ ಕಾಲದಲ್ಲೂ ಅರ್ಧ ಗಂಟೆಗೊಂದು ಬಸ್ಸಿತ್ತು. ಅದು ನನಗೂ ಗೊತ್ತು, ಅವರಿಗೂ ಗೊತ್ತು.

ಕಾಮಾಕ್ಷಿಯಮ್ಮಾ, ಸಂಘದ ಪರವಾಗಿ ನಿಮಗೆ ಧನ್ಯವಾದ. ನನ್ನ ಪರವಾಗಿ ಹೇಳುವುದಕ್ಕೆ ಮೈಕು ಬೇಡ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ನಮಸ್ಕಾರ.