ಸಾರನಾಥದಲ್ಲಿ ಬಾಗಿಲು ಹುಡುಕಿದ್ದು

ಚನ್ನರಾಯಪಟ್ಟಣದಲ್ಲಿ ನುಗ್ಗೇಹಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು. ಹಿರಿಯರಾದ ದೊಡ್ಡತಾಯಮ್ಮ ಕಾಶಿ ಪ್ರವಾಸ ಮುಗಿಸಿ ಬಂದವರು. ಕೇಳುತ್ತಿದ್ದವರು ನೆರೆಮನೆಯ ರೇವಮ್ಮ.

“ಕಾಶಿ ಇರ್ಲಿ ಕಣೆ ರೇವಿ, ಸಾರನಾಥದ್ದು ಕೇಳು. ಬುದ್ಧ ಮೊದಲ್ನೇ ಸಲ ಉಪದೇಸ ಮಾಡಿದ್ ಜಾಗ. ಅಲ್ಲೊಂದು ಸ್ತೂಪ ಐತೆ, ಗುಡ್ಡದಂಗೆ. ಕಲ್ಲಲ್ಲಿ ಬಳ್ಳಿ ಕೆತ್ತವ್ರೆ.”

“ನಮ್ಮೂರ ಗುಡಿಯಂಗಾ?”

“ನಮ್ಮೂರ್ದು ಇನ್ನೂ ನಯ. ನಾನು ತ್ವಾಟದ ಕಾಯಿ ಇಡ್ಕಂಡು ಬಾಗ್ಲು ಉಡುಕ್ದೆ. ಒಂದು ಸುತ್ತು ಬಂದೆ, ಬಾಗ್ಲಿಲ್ಲ. ಇನ್ನೊಂದು ಸುತ್ತು ಬಂದೆ, ಇಲ್ಲ. ತಿರುಗಿ ನೋಡ್ತೀನಿ, ಬಿಳಿ ಬಟ್ಟೆ ಉಟ್ಟ ಸಿಂಹಳದ ಎಂಗಸ್ರು ಕೈ ಮುಗ್ಕಂಡು ನನ್ನಿಂದೆ ಸಾಲಾಗಿ ಬತ್ತಾವ್ರೆ!”

“ಅಯ್ಯೋ! ಬಾಗ್ಲು ಉಡುಕ್ತಿದೀನಿ ಅನ್ಬಾರ್ದಿತ್ತಾ?”

“ಯಾವ ಬಾಸೇಲಿ ಅನ್ಲಿ? ಆಮೇಲೆ ಮೊಮ್ಮಗಳು ಅನುಶ್ರೀ ಓಡ್ಬಂದು, ‘ಅಜ್ಜೀ, ಇದ್ಕೆ ಬಾಗ್ಲೇ ಇಲ್ಲ, ಸುತ್ತೋದೇ ಪೂಜೆ’ ಅಂದ್ಲು.”

“ನಾಚ್ಕೆ ಆಗ್ಲಿಲ್ವಾ?”

“ಯಾಕಾಯ್ತದೆ? ಅಷ್ಟೊತ್ಗೆ ನನ್ ಪೂಜೆ ಆಗೋಗಿತ್ತು. ಅವ್ರು ಇನ್ನೊಂದು ಸುತ್ತಿಗೆ ನನ್ ಮುಖಾನೇ ನೋಡ್ತಾ ನಿಂತವ್ರೆ. ಕರ್ಕಂಡು ಓದೆ.”

“ಕಾಯಿ ಏನ್ಮಾಡ್ದೆ?”

“ಆ ಸಾಲಲ್ಲಿ ವಯಸ್ಸಾಗಿದ್ದೋರ್ಗೆ ಕೊಟ್ಟೆ. ಕಣ್ಗೊತ್ಕಂಡ್ರು. ನಮ್ ತ್ವಾಟದ ಕಾಯಿ ಸಿಂಹಳಕ್ಕೆ ಓಯ್ತು ಕಣೆ!”

ಬಸ್ಸು ಬಂತು. ದೊಡ್ಡತಾಯಮ್ಮ ಸೆರಗು ಸರಿಮಾಡಿಕೊಂಡು ಸೀದಾ ಬಸ್ಸಿನ ಹಿಂಬದಿಗೆ ನಡೆದರು.

“ಅಕ್ಕಾ, ಬಾಗ್ಲು ಮುಂದ್ಗಡೆ ಐತೆ!”

“ಗೊತ್ತು ಕಣೆ. ನೀನು ಸುಮ್ನೆ ನನ್ನಿಂದೆ ಬಾ.”