ಅನುಮೋದಕರಿಲ್ಲದ ಸೇತುವೆ

ವಿಲ್ಲೋ ಫೋರ್ಕ್ ಕೌಂಟಿ ಮಂಡಳಿಯ ಅಧ್ಯಕ್ಷರಾದ ಶ್ರೀ ಮರ್ಲ್ ಕುಚೇರಾ ಅವರೇ, ವೇದಿಕೆಯ ಮೇಲಿರುವ ಮಂಡಳಿಯ ಸದಸ್ಯರೇ, ಕೊಲಾಚೆ ಬನ್ನುಗಳ ಮೇಜಿನ ಮೇಲೆ ಒಂದು ಕಣ್ಣಿಟ್ಟೇ ಕುಳಿತಿರುವ ನನ್ನ ಸಹೋದ್ಯೋಗಿಗಳೇ, ಮತ್ತು ಸಭಿಕರೇ,

ನಾನು ಮಾತಿನವಳಲ್ಲ. ಈ ಮಂಡಳಿಯ ಕಾರ್ಯದರ್ಶಿಯಾಗಿ ಸೇರಿದಂದಿನಿಂದ ಬೇರೆಯವರ ಮಾತನ್ನು ಬರೆದುಕೊಂಡು ಬಂದವಳು. ಮಂಗಳವಾರ ಬಂತೆಂದರೆ ಮೇಜಿನ ಮೂಲೆಯಲ್ಲಿ ಕುಳಿತು ಬರೆಯುವುದು, ಬುಧವಾರ ಅದನ್ನು ತಿದ್ದುವುದು. ಹೀಗೇ ಆಯಸ್ಸು ಕಳೆಯಿತು. ಈಗ ನೆಲಮಾಳಿಗೆಯ ಮೆಟ್ಟಿಲಿಳಿದರೆ ಮಂಡಿ ಹಿಡಿಯುತ್ತದೆ. ನಿವೃತ್ತಿ ಬಂದದ್ದು ಒಳ್ಳೆಯದೇ ಆಯಿತು ಬಿಡಿ.

ಅಧ್ಯಕ್ಷರು ಈಗಷ್ಟೇ ಹೇಳಿದರು: ನಮ್ಮ ನಡಾವಳಿ ಪುಸ್ತಕಗಳೇ ಈ ಕೌಂಟಿಯ ನೆನಪು, ಆ ನೆನಪನ್ನು ಕಾದವಳು ಲವೋನ್ ಎಂದು. ಅವರಿಗೆ ಕೃತಜ್ಞಳು. ಮಧ್ಯಾಹ್ನದ ಊಟದ ಡಬ್ಬಿ ತೆಗೆದುಕೊಂಡು ನೆಲಮಾಳಿಗೆಗೆ ಹೋಗಿ ಆ ಪುಸ್ತಕಗಳನ್ನು ಓದುವುದು ನನಗಿದ್ದ ಒಂದೇ ಚಟ. ಮೊದಲ ಪುಸ್ತಕದಲ್ಲಿ ತೋಳ ಹೊಡೆದವರಿಗೆ ಕೊಟ್ಟ ಬಹುಮಾನವಿದೆ. ದಿಕ್ಕಿಲ್ಲದೆ ಸತ್ತವನಿಗೆ ಶವಪೆಟ್ಟಿಗೆ ಮಾಡಿಕೊಟ್ಟ ಬಡಗಿಯ ಹೆಸರಿದೆ. ಎಲ್ಲವೂ ಇದೆ. ಆದರೆ ಎಲ್ಲವೂ ಇದೆಯೇ?

ಸದಸ್ಯರೊಬ್ಬರು ಗೊತ್ತುವಳಿ ಸೂಚಿಸಿದರೆ ಮತ್ತೊಬ್ಬರು ಅನುಮೋದಿಸಬೇಕು. ಅನುಮೋದಕರಿಲ್ಲದಿದ್ದರೆ ಅದು ಅಲ್ಲಿಗೇ ಬಿದ್ದುಹೋಗುತ್ತದೆ. ಇದು ಎಲ್ಲ ಕಡೆ ಇರುವ ನಿಯಮ. ನಮ್ಮಲ್ಲಿ ಇನ್ನೊಂದು ಪದ್ಧತಿಯೂ ಇದೆ. ಬಿದ್ದದ್ದನ್ನು ಬರೆಯುವುದೇ ಇಲ್ಲ. ನನಗೆ ಕೆಲಸ ಕಲಿಸಿದ ಹಿಂದಿನ ಕಾರ್ಯದರ್ಶಿ ಹಿಲ್ಡಾ ಅಮ್ಮನನ್ನು ಮೊದಲ ವಾರವೇ ಏಕೆಂದು ಕೇಳಿದ್ದೆ. "ಅನುಮೋದಕರಿಲ್ಲ ಅಂದ್ರೆ ಅದು ಹುಟ್ಟೇ ಇಲ್ಲ ಕಣೇ. ಹುಟ್ಟದೇ ಇರೋ ಕೂಸಿಗೆ ಹೆಸರು ಬರೀತಾರಾ?" ಎಂದರು. ಸರಿ, ನಾನೂ ಬರೆಯಲಿಲ್ಲ.

ಪ್ಲಮ್ ತೊರೆಯ ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋದದ್ದು ಇಲ್ಲಿರುವ ಹಿರಿಯರಿಗೆಲ್ಲ ಗೊತ್ತು. ತೊರೆಯಾಚೆ ಉಳಿದಿರುವುದು ನಾಲ್ಕೇ ಮನೆ. ಆ ಕಡೆಯ ಸದಸ್ಯ ಓರ್ವಲ್ ಪೆಟಿಟ್ ಪ್ರತಿ ಜನವರಿಯಲ್ಲೂ ಎದ್ದು ನಿಲ್ಲುತ್ತಿದ್ದರು. "ಸೇತುವೆ ಕಟ್ಟಬೇಕು ಅಂತ ಸೂಚಿಸ್ತೀನಿ." ಎಲ್ಲರೂ ಕಾಫಿ ಲೋಟದೊಳಕ್ಕೆ ನೋಡುತ್ತಿದ್ದರು. ಅಧ್ಯಕ್ಷರು, ಆಗ ಯಾರೇ ಇರಲಿ, "ಅನುಮೋದಕರಿಲ್ಲ, ಮುಂದಿನ ವಿಷಯ" ಎನ್ನುತ್ತಿದ್ದರು. ಕೆಟ್ಟವರೆಂದು ಯಾರನ್ನೂ ನಾನು ಹೇಳುತ್ತಿಲ್ಲ. ಇರುವ ಹಣದಲ್ಲಿ ಅವರವರ ರಸ್ತೆಗೆ ಜಲ್ಲಿ ಬೇಕಿತ್ತು, ಅಷ್ಟೆ. ಓರ್ವಲ್ ಹೊರಗೆ ಬಂದು ನನ್ನನ್ನೇ ರೇಗಿಸುತ್ತಿದ್ದರು. "ನೋಡು ಲವೋನ್, ಈ ವರ್ಷಾನೂ ನಿನ್ನ ಶಾಯಿ ಉಳಿಸಿಕೊಟ್ಟೆ."

ಕಳೆದ ಚಳಿಗಾಲದಲ್ಲಿ ಓರ್ವಲ್‌ಗೆ ಎದೆ ಹಿಡಿಯಿತು. ಸೇತುವೆಯಿಲ್ಲದೆ ಆಂಬುಲೆನ್ಸ್ ಊರೆಲ್ಲ ಸುತ್ತಿ ಹೋಯಿತು. ಬೇಗ ಹೋಗಿದ್ದರೆ ಉಳಿಯುತ್ತಿದ್ದರೇ? ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಯಾರೂ ಹೇಳಬಾರದು.

ಅವರ ಜಾಗಕ್ಕೆ ಅವರ ಹೆಂಡತಿ ಐಯೋನ್ ಅವರನ್ನು ನೇಮಿಸಿದಿರಿ. ಒಳ್ಳೆಯ ಮನಸ್ಸಿನಿಂದಲೇ ನೇಮಿಸಿದಿರಿ. ಆಮೇಲೆ ಸೇತುವೆಯಿದ್ದ ಆ ರಸ್ತೆಯನ್ನೇ ಶಾಶ್ವತವಾಗಿ ಮುಚ್ಚುವ ಪ್ರಸ್ತಾವ ಬಂತು. ಬರುವ ಮಂಗಳವಾರ ಅದರ ಮತದಾನ. ಪ್ರಸ್ತಾವದ ಕಾಗದದಲ್ಲಿ ಕಾರಣವೂ ಇದೆ: ಸೇತುವೆ ಬೇಕೆಂದು ಯಾವ ಸದಸ್ಯರೂ ಎಂದೂ ಕೇಳಿದ್ದಕ್ಕೆ ದಾಖಲೆಯಿಲ್ಲ.

ಐಯೋನ್ ನೆಲಮಾಳಿಗೆಗೆ ಬಂದರು. ಓರ್ವಲ್ ಇದ್ದ ಕಾಲದ ಪುಸ್ತಕಗಳನ್ನೆಲ್ಲ ಇಬ್ಬರೂ ತೆಗೆದೆವು. ಹಾಜರಿಯಲ್ಲಿ ಓರ್ವಲ್ ಹೆಸರಿದೆ. ಮತ್ತೆಲ್ಲಿದೆ? "ಸಭೆ ಮುಕ್ತಾಯಗೊಳಿಸಲು ಸೂಚಿಸಿದವರು: ಓರ್ವಲ್ ಪೆಟಿಟ್." ಪುಟಪುಟಕ್ಕೂ ಅದೇ. ಅವರ ಆ ಒಂದು ಸೂಚನೆಗೆ ಮಾತ್ರ ಯಾವತ್ತೂ ಅನುಮೋದಕರ ಬರವಿರಲಿಲ್ಲ. ಐಯೋನ್ ಮೊದಲು ನಕ್ಕರು. "ಇದನ್ನ ಓದಿದೋರು, ನನ್ನ ಗಂಡ ಮನೆಗೆ ಓಡೋಕೇ ಮೀಟಿಂಗಿಗೆ ಬರ್ತಿದ್ದ ಅಂದ್ಕೋತಾರೆ" ಎಂದರು. ಆಮೇಲೆ ಮೆಟ್ಟಿಲ ಮೇಲೆ ಕುಳಿತರು. "ಸೇತುವೆ ಅನ್ನೋದು ಒಂದ್ಸಲಾನೂ ಇಲ್ವೇನೇ, ಲವೋನ್?" ಎಂದರು. ನನಗೆ ಅಳು ಬಂತು, ಸಭಿಕರೇ.

ಕಳೆದ ಸಭೆಯಲ್ಲಿ ಐಯೋನ್ ಎದ್ದು ನಿಂತು, ಸೇತುವೆ ಕಟ್ಟಬೇಕೆಂದು ಸೂಚಿಸಿದರು. ಮತ್ತದೇ ಕಾಫಿ ಲೋಟಗಳು. "ಅನುಮೋದಕರಿಲ್ಲ" ಎಂದರು ಅಧ್ಯಕ್ಷರು. ಐಯೋನ್ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ನಂದೂ ಬರಲ್ವಾ ಹಾಗಾದ್ರೆ?"

ಇನ್ನು ಬೇಗ ಮುಗಿಸುತ್ತೇನೆ, ಕಾಫಿ ಆರುತ್ತಿದೆ.

ಆ ಸಭೆಯ ನಡಾವಳಿ ನಾನು ಬರೆಯುವ ಕೊನೆಯ ನಡಾವಳಿ. ಬರೆದು ಮುಗಿಸಿ, ಇಂದು ಬೆಳಿಗ್ಗೆ ಸಹಿ ಮಾಡಿ, ಎಲ್ಲ ಸದಸ್ಯರ ಟಪಾಲು ಪೆಟ್ಟಿಗೆಗೂ ಪ್ರತಿ ಹಾಕಿದ್ದೇನೆ. ಅದರಲ್ಲಿ ಹೀಗಿದೆ: "ಪ್ಲಮ್ ತೊರೆಗೆ ಸೇತುವೆ ಕಟ್ಟಬೇಕೆಂದು ಐಯೋನ್ ಪೆಟಿಟ್ ಸೂಚಿಸಿದರು. ಯಾರೂ ಅನುಮೋದಿಸಲಿಲ್ಲ." ಅದರ ಕೆಳಗೆ ಅಂದು ಹಾಜರಿದ್ದ ಪ್ರತಿಯೊಬ್ಬರ ಹೆಸರೂ ಇದೆ. ಪದ್ಧತಿ ಮುರಿದದ್ದು ನಿಜ. ಪದ್ಧತಿಯೇ ಹೊರತು ಅದು ಕಾನೂನಲ್ಲ. ಕಾನೂನು ಪುಸ್ತಕ ತೆಗೆದು ನೋಡಿಯೇ ಬರೆದೆ.

ಮಂಗಳವಾರ ಮತದಾನಕ್ಕೆ ಮೊದಲು ನೀವು ಆ ನಡಾವಳಿಯನ್ನು ಒಪ್ಪಬೇಕು. ಬೇಡವೆನಿಸಿದರೆ ಆ ಸಾಲನ್ನು ತೆಗೆಸಬಹುದು, ಅಧಿಕಾರ ನಿಮ್ಮದೇ. ಆದರೆ ತೆಗೆಸಲು ಒಬ್ಬರು ಸೂಚಿಸಬೇಕು. ಮತ್ತೊಬ್ಬರು ಅನುಮೋದಿಸಬೇಕು. ಅನುಮೋದನೆ ಸಿಕ್ಕ ಗೊತ್ತುವಳಿಯನ್ನು ಬರೆಯಲೇಬೇಕು: ಯಾರು ತೆಗೆಸಿದರು, ಏನನ್ನು ತೆಗೆಸಿದರು. ಹೊಸ ಕಾರ್ಯದರ್ಶಿಗೆ ಇದನ್ನೆಲ್ಲ ಚೆನ್ನಾಗಿ ಹೇಳಿಕೊಟ್ಟಿದ್ದೇನೆ.

ನನಗಿನ್ನು ಬರೆಯುವ ಕೆಲಸವಿಲ್ಲ. ಮಂಗಳವಾರ ಬಂದು ಸಾರ್ವಜನಿಕರ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತೇನೆ. ಇಷ್ಟು ವರ್ಷ ತಲೆ ತಗ್ಗಿಸಿ ಬರೆಯುತ್ತಿದ್ದೆ, ನಿಮ್ಮ ಮುಖ ನೋಡಲು ಆಗಿರಲಿಲ್ಲ. ಅಂದು ನೋಡುತ್ತೇನೆ.

ಗೋಡೆ ಗಡಿಯಾರದ ಉಡುಗೊರೆ ಕೊಟ್ಟಿರಿ, ದಣಿದವಳ ಮಾತನ್ನು ತಾಳ್ಮೆಯಿಂದ ಕೇಳಿದಿರಿ. ಎಲ್ಲರಿಗೂ ವಂದನೆಗಳು. ನಮಸ್ಕಾರ.