ಸಕ್ಕುಬಾಯಿ ಗಂಡನ ಜೀಪು

ಬಾಗಲಾ ಹಾಕೀರೇನು? ಹಾಕಿ ಬರ್ರಿ... ಆಮ್ಯಾಲೆ ಹೇಳ್ತೀನಿ.

ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಕಾಕಾನ ಮಗ ಸಿದ್ದಾರೂಢಗ ಆದದ್ದು. ಸದಾಶಿವ ಪೇಠದಾಗ ಭಾಂಡೆ-ಪಾತ್ರಿ ಅಂಗಡಿ ಇಟ್ಟಾನಲ್ಲ, ಅಂವಗ. ಹಳೇ ಗಾಡಿ ಅಂದ್ರ ಅವಗ ಹುಚ್ಚು. ಮಂದಿ ಗುಜರಿಗೆ ಹಾಕೂದನ್ನ ಇಂವ ಮನಿಗೆ ತಂದು ಕುಂಕುಮ ಹಚ್ಚತಾನ. ಅಂಥಾಂವ ಒಂದಿನ ಕತ್ತಲದಾಗ ತನ್ನ ಕೂಸಿನ್ನ ಎತ್ತಿಕೊಂಡು ಹಾಳಭಾವಿ ದಾಟಿ ನಡಕೋತ ಬಂದ. ಯಾಕ ನಡಕೋತ ಬಂದ, ಅದನ್ನ ಕೇಳ್ರಿ.

ದೇಹೂ ರೋಡ್ ಕಡೆ ಒಬ್ಬ ಮುದುಕ ಇದ್ದ. ಮಿಲಿಟರಿಯೊಳಗ ಡ್ರೈವರ್ ಆಗಿದ್ದಂವ. ಅವನ ಹಂತೇಲಿ ಒಂದು ಹಳೇ ಜೀಪು. ಜೀವಾ ಇರೂತನಕ ಯಾರಿಗೂ ಮುಟ್ಟಗೊಡಲಿಲ್ಲ. ಮುದುಕ ತೀರಿಕೊಂಡ ಸುದ್ದಿ ಬಂದದ್ದ ತಡಾ, ನಮ್ಮಾಂವ ಓಡಿದ. ಬ್ಯಾರೆ ಗಿರಾಕಿ ಒಯ್ದಬಿಟ್ಟರ ಅಂತ ಅವಗ ಧಡಪಡಿ. ಮುದುಕನ ಹೇಂತಿ ಸಕ್ಕುಬಾಯಿ, ಸೂತಕದ ದಿನಾ ಮುಗೀಲಿ, ಅಲ್ಲೀತನಕ ನಮ್ಮೊಳಗ ತೀರಿಕೊಂಡವರ ಸಾಮಾನು ಹೊರಗ ಕೊಡಂಗಿಲ್ಲ ಅಂದಳಂತ. ನಾವು ಲಿಂಗಾ ಕಟ್ಟಿಕೊಂಡ ಮಂದಿ, ನಮಗ ಸೂತಕ ಇಲ್ಲ ಅಂತ ಆಕಿಗೇ ಬುದ್ಧಿ ಹೇಳಿ, ಕೀಲಿ ಇಸಕೊಂಡ. ನಮಗ ಇಲ್ಲ, ಖರೆ. ಆ ಮುದುಕಗ ಇತ್ತಲ್ಲ?

ಹಠಾ ಮಾಡಿದಳಂತ ಮಗಳು ಭಾಮಾನ್ನೂ ಜೋಡಿ ಕರಕೊಂಡು ಹೋಗಿದ್ದ. ಐದು ವರ್ಷದ ಕೂಸು. ಸತ್ತ ಮನಿಗೆ ಒಯ್ಯಬ್ಯಾಡ್ರಿ ಅಂತ ಅವನ ಹೇಂತಿ ದೀಪಾಲಿ ಬಡಕೊಂಡಳು. ಕೇಳಲಿಲ್ಲ.

ದೀಪಾ ಹಚ್ಚೋ ಹೊತ್ತು. ಜೀಪು ಊರು ದಾಟಿತು. ಹಾಳಭಾವಿ ದಾಟಿತು. ಮುಂದ ಆಲದ ಗಿಡದ ಬುಡಕ ಬಂತು... ಫಟ್. ಫುಸ್ಸ್... ನಿಂತಬಿಟ್ಟತು.

ಕೀಲಿ ತಿರುವಿದ. ಕುಂಯ್... ಕುಂಯ್... ಅಂತು, ಹತ್ತಲಿಲ್ಲ. ಮಿಸ್ತ್ರಿಗೆ ಫೋನ್ ಹಚ್ಚಿದ, ಮುಂಜಾನೆ ಬರ್ತೀನಂದ. ತಾನ ಬಾನೆಟ್ ಎತ್ತಿ, ಮೊಬೈಲಿನ ಬೆಳಕಿನಾಗ ಪೆಟ್ರೋಲ್ ಪೈಪ್ ಬಿಚ್ಚಿದ. ಪೆಟ್ರೋಲ್ ಚಿಳ್ ಅಂತ ಬಂತು. ಪ್ಲಗ್ ತಗದು ಕಬ್ಬಿಣಕ್ಕ ಹಿಡದು, ಕೀಲಿ ತಿರುವು ಅಂತ ಭಾಮಾಗ ಹೇಳಿದ. ಚಟ್... ಚಟ್... ನೀಲಿ ಕಿಡಿ. ಕಾರ್ಬುರೇಟರ್ ಊದಿ ಸ್ವಚ್ಛ ಮಾಡಿದ. ಗಾಳಿ ಅದ, ಎಣ್ಣಿ ಅದ, ಕಿಡಿ ಅದ. ಎಂಜಿನ್ನಿಗೆ ಇನ್ನೇನು ಬೇಕು ಹೇಳ್ರಿ?

ಕಡೀಕ ಮುಂದಿನ ತೂತಿಗೆ ಕಬ್ಬಿಣದ ಹ್ಯಾಂಡಲ್ ಸಿಗಿಸಿ ಕೈಲೆ ತಿರುವಾಕ ಹತ್ತಿದ. ಘರ್ರ್... ಘರ್ರ್... ಫುಸ್. ಮತ್ತ ಘರ್ರ್... ಫುಸ್. ಮೈಯೆಲ್ಲಾ ಬೆವರು. ಸುತ್ತ ಒಂದು ಹುಳಾ ಸುದ್ದಾ ಕೂಗವಲ್ದು.

ಒಳಗಿಂದ ಭಾಮಾ ಸಾವಕಾಶ ಅಂದಳು...

"ಅಪ್ಪಾ, ಎಲ್ಲಾ ಬರೋಬ್ಬರಿ ಅದಂತ. ಸುಮ್ನ ಬಿಚ್ಚಬ್ಯಾಡಂತ."

"ಯಾರಂದ್ರು?"

"ಅಜ್ಜ."

ಕೂಸು ತನ್ನ ಸೀಟಿನಾಗ ಕುಂತಿತ್ತು. ಡ್ರೈವರ್ ಸೀಟು ಖಾಲಿ. ಆದ್ರ ಅದರ ರೆಕ್ಸಿನ್ ಕೆಳಗ ಕುಸದಿತ್ತು... ಮನಷ್ಯಾ ಕುಂತಾಗ ಕುಸೀತದಲ್ಲ, ಅಷ್ಟು.

ಸಿದ್ದಾರೂಢ ಹ್ಯಾಂಡಲ್ ಕೆಳಗ ಇಟ್ಟ. ಮತ್ತ ಯಾಕ ಚಾಲೂ ಆಗವಲ್ದು ಕೇಳು ಅಂತ ಪಿಸುಗುಟ್ಟಿದ. ಭಾಮಾ ಆ ಕಡೆ ಮಾರಿ ತಿರುವಿದಳು. ಕೇಳಿಸಿಕೊಂಡಳು. ಹೂಂ ಅಂದಳು.

"ಅಜ್ಜಗ ಮನಿಗೆ ಹೋಗಬೇಕಂತ."

"ನೀ ಇಳದು ಬಾ ಅವ್ವಿ."

"ಬಿಡವಲ್ಲಪ್ಪಾ... ಕೈ ಹಿಡಕೊಂಡಾನ."

ಹೇಳಾಕ ನನಗ ಮೈ ಜುಂ ಅಂತದ, ನೋಡ್ರಿ. ಓಡಿ ಹೋಗಿ ಎತ್ತಿಕೊಳ್ಳಾಕ ಹೋದ. ಕೂಸು ಮ್ಯಾಲೆ ಬರಲಿಲ್ಲ. ಜಗ್ಗಿದ; ಕೈ ನೋಯ್ತದ ಅಂತ ಅಳಾಕತ್ತಿತು. ಆಕಿ ಕೈ ಖಾಲಿ ಸೀಟಿನ ಕಡೆ ಚಾಚಿದ್ದು ಚಾಚಿದಂಗ. ಗಾಡಿ ಸುಟ್ಟುಹೋಗ್ಲಿ, ತನ್ನ ಜೀವಾ ಬೇಕಾದ್ರ ಹೋಗ್ಲಿ, ಕೂಸು ಕೈಗೆ ಸಿಕ್ಕರ ಸಾಕು ಅನಿಸ್ತಂತ ಅವಗ. ಆ ಸೀಟಿಗೆ ಕೈ ಮುಗದ. ತಪ್ಪಾತು ಆಜೋಬಾ, ನಡೀರಿ, ನಾನ ಮನಿಗೆ ಮುಟ್ಟಸ್ತೀನಿ ಅಂತ ಮರಾಠಿಯೊಳಗ ಬೇಡಿಕೊಂಡ.

ಸೀಟಿನ ಸ್ಪ್ರಿಂಗ್ ಕಿರ್ರ್... ಅಂತು. ರೆಕ್ಸಿನ್ ಸಾವಕಾಶ ಮ್ಯಾಲೆ ಎದ್ದಿತು.

ಕೂಸು ಹಗುರಾತು. ಬಗಲಾಗ ಎತ್ತಿಕೊಂಡು, ಜೀಪು ಅಲ್ಲೇ ಬಿಟ್ಟು, ಹಿಂದಕ್ಕ ಹೊಂಟ. ಭಾವಿ ದಾಟಿದ. ಭಾಮಾ ಒಂದು ಕೈ ಅವನ ಕೊರಳಿಗೆ ಹಾಕಿದ್ದಳು. ಇನ್ನೊಂದು ಕೈ ಪಕ್ಕಕ್ಕ ಚಾಚಿ ಹಿಡದಿದ್ದಳು. ಕೆಳಗ ಮಾಡು ಅಂದ.

"ಅಜ್ಜಗ ಕತ್ತಲದಾಗ ಕಣ್ಣು ಕಾಣಂಗಿಲ್ಲಪ್ಪಾ."

ಅಲ್ಲಿಂದ ಮುಂದ ಇಂವ ಆ ಕಡೆ ಹೊಳ್ಳಿ ನೋಡಿಲ್ಲ. ತನ್ನ ಚಪ್ಪಲಿ ಸಪ್ಪಳಾ ಕೇಳಸ್ತಿತ್ತಂತ, ಚರ್... ಚರ್... ಅದು ತನ್ನದೊಂದ ಹೌದೋ ಅಲ್ಲೋ ಅಂತ ಎಣಸಾಕೂ ಧೈರ್ಯ ಆಗಲಿಲ್ಲಂತ.

ಸಕ್ಕುಬಾಯಿ ಬಾಗಲಾ ತಗದಳು. ಸಿದ್ದಾರೂಢ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಆಕಿ ಅವನ ಮಾರಿ ನೋಡಲೇ ಇಲ್ಲ, ಅವನ ಮಗ್ಗಲಕ್ಕ ನೋಡಿದಳು. ಭಾಮಾನ ಕೈ ತಾನ ಕೆಳಗ ಇಳೀತು.

ಇದರಾಗ ನಂದು ಒಂದು ಅಕ್ಷರ ಇಲ್ಲ. ನಂಬಿಕಿ ಬರಲಿಲ್ಲಂದ್ರ ಸದಾಶಿವ ಪೇಠಕ್ಕ ಹೋಗಿ ಅವನ್ನ ಕೇಳ್ರಿ. ಸಕ್ಕುಬಾಯಿ ಸೆರಗು ತಲಿ ಮ್ಯಾಲೆ ಎಳಕೊಂಡು, ಗ್ವಾಡಿಗೆ ಸರದು ನಿಂತು ದಾರಿ ಬಿಟ್ಟಳು. ಒಬ್ಬ ವಯಸ್ಸಾದ ಮನಷ್ಯಾ ಹೊಸ್ತಿಲಾ ದಾಟಿ ಒಳಗ ಹೋಗೂವಷ್ಟು ಹೊತ್ತು ಹಂಗ ನಿಂತಳು. ಆಮ್ಯಾಲೆ ಇವರಿಬ್ಬರಿಗೆ ಬರ್ರಿ ಅಂದಳು.